ಹೊಂದುತ್ತದೆ ಎಂಬ ಸಾಲು

ನನ್ನ ಅಕ್ಕ ತಾನು ಕಲಿಸುತ್ತಿದ್ದ ಶಾಲೆಯಲ್ಲೇ ಇದ್ದ ಒಬ್ಬ ಮಾಸ್ಟ್ರನ್ನು ಮದುವೆಯಾಗಬೇಕಿತ್ತು. ಆಗಲಿಲ್ಲ. ನಾನು ಬರೆದ ಒಂದು ಕಂಪ್ಯೂಟರ್ ಪ್ರೋಗ್ರಾಮು ಅದನ್ನು ತಪ್ಪಿಸಿತು. ಹೀಗೆಂದರೆ ಈಗಿನವರಿಗೆ ನಗು ಬರುತ್ತದೆ. ನಗಲಿ. ನನಗೆ ಮಾತ್ರ ಅದರ ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಮೂಡುಬಿದಿರೆಯಲ್ಲಿ ಬಿ.ಎಸ್ಸಿ. ಮುಗಿಸಿ, ಮಂಗಳೂರಿನಲ್ಲಿ ಕೆಲವು ತಿಂಗಳು ಕಂಪ್ಯೂಟರ್ ಕ್ಲಾಸಿಗೆ ಹೋಗಿ, ನಾನು ಬಂಟ್ವಾಳ ಪೇಟೆಯಲ್ಲಿದ್ದ ಸೋದರಮಾವನ ಟೈಪಿಂಗ್ ಕ್ಲಾಸಿಗೆ ಬಂದು ಸೇರಿದ್ದೆ. ಮಾವ ಯಾರಿಂದಲೋ ಒಂದು ಹಳೆಯ ಕಂಪ್ಯೂಟರು ತಂದಿದ್ದರು. ಗೋಡೆಯ ಮೇಲೆ ನೆರೆನೀರಿನ ಗುರುತು ಎಷ್ಟು ಎತ್ತರಕ್ಕಿತ್ತೋ ಅದಕ್ಕಿಂತ ಮೇಲೆ ಹಲಗೆ ಹೊಡೆಸಿ, ಮಳೆಗಾಲದಲ್ಲಿ ಅದನ್ನು ಎತ್ತಿಡುವ ವ್ಯವಸ್ಥೆಯನ್ನೂ ಮಾಡಿದ್ದರು. ಆದರೆ ಅದರಿಂದ ಏನು ಮಾಡಿಸುವುದೆಂದು ಅವರಿಗೆ ಗೊತ್ತಿರಲಿಲ್ಲ. ಟೈಪಿಂಗ್ ಕಲಿಯಲು ಬಂದ ಹುಡುಗಿಯರು ಅದರ ಹಸಿರು ಅಕ್ಷರಗಳನ್ನು ದೂರದಿಂದ ನೋಡಿ ಹೋಗುತ್ತಿದ್ದರು, ಅಷ್ಟೆ.

ಜಾತಕ ನೋಡುವ ಯೋಚನೆ ನನ್ನದೇ. ಹುಡುಗ ಹುಡುಗಿಯ ನಕ್ಷತ್ರ, ರಾಶಿ ಹಿಡಿದು ಹತ್ತು ಕೂಟಗಳನ್ನು ಲೆಕ್ಕ ಹಾಕುವುದು, ಹೆಚ್ಚಿನವು ಕೂಡಿದರೆ ಹೊಂದುತ್ತದೆ, ಇಲ್ಲವಾದರೆ ಇಲ್ಲ. ಪಂಚಾಂಗದ ಹಿಂದಿನ ಪುಟಗಳಲ್ಲೇ ಇರುವ ಕೋಷ್ಟಕ ಅದು. ನಾನು ಅದನ್ನೇ ಬೇಸಿಕ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದೆ. ಕೋಷ್ಟಕವನ್ನು ಬಿಟ್ಟರೆ ಪ್ರೋಗ್ರಾಮು ಒಂದು ಪರದೆಯಲ್ಲಿ ಮುಗಿಯುತ್ತಿತ್ತು. ಕೊನೆಯಲ್ಲಿ ಎರಡು ಸಾಲು: ಒಂದು 'ಹೊಂದುತ್ತದೆ' ಎಂದು ಹೇಳಿ ನಿಲ್ಲುವುದು, ಅದರ ಕೆಳಗಿನದು 'ಹೊಂದುವುದಿಲ್ಲ' ಎಂದು ಹೇಳಿ ನಿಲ್ಲುವುದು. ಕನ್ನಡ ಅಕ್ಷರ ಆ ಯಂತ್ರಕ್ಕೆ ಬರುತ್ತಿರಲಿಲ್ಲ. ಕನ್ನಡದ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದೆ. ಚೆನ್ನಾಗಿ ನಡೆಯುತ್ತಿತ್ತು. ಅದು ನಾನು ಬರೆದ ಮೊದಲ ಒಳ್ಳೆಯ ಪ್ರೋಗ್ರಾಮು. ಅಷ್ಟಕ್ಕೇ ಕೈ ತೊಳೆದುಕೊಂಡಿದ್ದರೆ ನಾನು ಈಗ ಇದನ್ನು ಬರೆಯಬೇಕಾಗಿರಲಿಲ್ಲ.

'ಕಂಪ್ಯೂಟರ್ ಜಾತಕ' ಎಂದು ಮಾವ ಬೋರ್ಡು ಹಾಕಿಸಿದರು. ಜನ ಬರತೊಡಗಿದರು. ಸಿದ್ಧಕಟ್ಟೆಯಿಂದ, ಪುಂಜಾಲಕಟ್ಟೆಯಿಂದ, ಮೂಡುಬಿದಿರೆಯಿಂದ ಕೂಡ. ಮನೆಯ ಜೋಯಿಸರ ಹತ್ತಿರ ತೋರಿಸಿದ ಮೇಲೂ ಒಮ್ಮೆ ಇಲ್ಲಿ ತೋರಿಸಿ ಹೋಗುವುದು ಒಂದು ಗತ್ತಾಯಿತು. ನನಗೂ ಗತ್ತು ಬಂತು. ಇಸ್ತ್ರಿ ಹಾಕಿದ ಅಂಗಿ ಹಾಕಿಕೊಂಡು ಕೂರತೊಡಗಿದೆ.

ಹೀಗಿರುವಾಗ ಒಂದು ದಿನ ಪೇಟೆಯ ಒಬ್ಬ ಗಂಡಸು ಒಳಗೆ ಬಂದು, ಟೈಪಿಂಗಿನ ಹುಡುಗಿಯರೆಲ್ಲ ಕೈ ನಿಲ್ಲಿಸಿ ನೋಡುವಂತೆ ಕಿರುಚಾಡಿದ. ಅವನ ಮಗಳದು ನಮ್ಮಲ್ಲಿ ಹೊಂದಿತ್ತು. ಮದುವೆಯೂ ಆಗಿತ್ತು. ಈಗ ಮಗಳು ಪೆಟ್ಟಿಗೆ ಹಿಡಿದುಕೊಂಡು ತವರಿಗೆ ಬಂದಿದ್ದಳು.

"ನಿಮ್ಮ ಡಬ್ಬಿ ಕುಜದೋಷ ನೋಡಿದ್ದುಂಟಾ? ಬಾಯಿ ಬಿಟ್ಟು ಹೇಳು! ಉಂಟಾ?" ಎಂದು ಕೇಳಿದ.

ನೋಡಿರಲಿಲ್ಲ. ನಾನು ತಲೆ ತಗ್ಗಿಸಿದೆ. ಅವನು ಹೋದ ಮೇಲೆ ಮಾವ ಬೆನ್ನು ತಟ್ಟಿ, "ಅದನ್ನೂ ಸೇರಿಸು. ಸಂಶಯ ಬಂದದ್ದಕ್ಕೆಲ್ಲ ಆಗುವುದಿಲ್ಲ ಅಂತ ಬರುವ ಹಾಗೆ ಮಾಡು. ಆಗುವುದಿಲ್ಲ ಅಂದ್ರೆ ಯಾರೂ ತಿರುಗಿ ಬಂದು ಬೈಯುವುದಿಲ್ಲ ಮಾರಾಯ" ಎಂದರು.

ಮಾವ ಹೇಳಿದ್ದು ನಿಜವಾಗಿತ್ತು. ಹೊಂದುತ್ತದೆ ಎಂದು ತಪ್ಪು ಹೇಳಿದರೆ ಆ ತಪ್ಪು ಮದುವೆಯಾಗಿ, ಸಂಸಾರ ಹೂಡಿ, ಜಗಳವಾಡಿ, ಒಂದು ದಿನ ಅಂಗಡಿಗೆ ಬಂದು ಕೊರಳಪಟ್ಟಿ ಹಿಡಿಯುತ್ತದೆ. ಹೊಂದುವುದಿಲ್ಲ ಎಂದು ತಪ್ಪು ಹೇಳಿದರೆ ಏನೂ ಆಗುವುದಿಲ್ಲ. ಆ ಇಬ್ಬರು ಒಬ್ಬರ ಮುಖ ಒಬ್ಬರು ನೋಡುವುದೂ ಇಲ್ಲ. ತಪ್ಪಾಯಿತೆಂದು ಹೇಳಲಿಕ್ಕೆ ಯಾರೂ ಹುಟ್ಟುವುದೂ ಇಲ್ಲ. ನನ್ನಂಥ ಹೆದರುಪುಕ್ಕಲನಿಗೆ ಇದಕ್ಕಿಂತ ಸುರಕ್ಷಿತವಾದ ಜಾಗ ಯಾವುದು?

ಕುಜದೋಷ ಸೇರಿಸಿದೆ. ಆಮೇಲೆ ಇನ್ನೊಬ್ಬರು ಹುಟ್ಟಿದ ಗಳಿಗೆಯೇ ಸರಿ ಇಲ್ಲ ಎಂದು ತಕರಾರು ತೆಗೆದರು. ನಮ್ಮ ಕಡೆ ಹೆಚ್ಚಿನವರೆಲ್ಲ ಮನೆಯಲ್ಲೇ ಹುಟ್ಟಿದವರು. ಹಾಲು ಕರೆಯುವ ಹೊತ್ತಿಗೆ, ಗದ್ದೆಯಿಂದ ಹೆಂಗಸರು ಮೇಲೆ ಬರುವ ಹೊತ್ತಿಗೆ ಎಂದು ಅಂದಾಜು ಹೇಳಿ ಬರೆಸಿದ ಜಾತಕಗಳು. ಸರಿ, ಗಳಿಗೆ ಅಂದಾಜಿನದಾದರೆ ಹಿಂದಿನ ನಕ್ಷತ್ರವನ್ನೂ ಮುಂದಿನ ನಕ್ಷತ್ರವನ್ನೂ ಹಿಡಿದು ನೋಡುವುದು, ಎಲ್ಲದಕ್ಕೂ ಹೊಂದಿದರೆ ಮಾತ್ರ ಮುಂದಕ್ಕೆ ಬಿಡುವುದು ಎಂದು ಬರೆದೆ. ಗಂಟೆಗೆ ಸರಿಯಾಗಿ ಹುಟ್ಟಿದ್ದೆಂದು ಬರೆದಿದ್ದರೆ ಅದೂ ಅಂದಾಜೇ ಇರಬೇಕೆಂದು ಅದಕ್ಕೊಂದು ಅಡ್ಡಗೋಡೆ ಹಾಕಿದೆ. ನಾನೇ ಬೆರಳಿನಿಂದ ಒತ್ತಿದ ನಕ್ಷತ್ರ ಸರಿಯಾಗಿದೆಯೇ ಎಂದು ಮೊದಲೊಮ್ಮೆ ಪರೀಕ್ಷೆ, ನಡುವೆ ಅದು ಬದಲಾಗಿಬಿಟ್ಟಿದ್ದರೆ ಎಂದು ಇನ್ನೊಮ್ಮೆ ಅದೇ ಪರೀಕ್ಷೆ. ಮನೆಗೆ ಬಂದ ನೆಂಟನನ್ನು ಚಾವಡಿಯಲ್ಲಿ, ನಡುಮನೆಯಲ್ಲಿ, ಊಟದ ಮಣೆಯಲ್ಲಿ ಕೂತ ಮೇಲೂ ನೀನು ಯಾರು ಎಂದು ಕೇಳಿದ ಹಾಗೆ. ಇದೆಲ್ಲದರ ಮೇಲೆ, ಒಳಗೆ ಎಲ್ಲಿ ಏನು ತೊಡಕಾದರೂ, ಯಂತ್ರಕ್ಕೆ ಏನೇ ಅರ್ಥವಾಗದಿದ್ದರೂ, ನಿಂತು ಹೇಳುವುದು ಬೇಡ, ನೇರವಾಗಿ 'ಹೊಂದುವುದಿಲ್ಲ'ಕ್ಕೆ ಹೋಗಿಬಿಡು ಎಂದು ಒಂದು ಅಪ್ಪಣೆಯನ್ನೂ ಬರೆದಿಟ್ಟೆ. ಅದನ್ನು ಬರೆದ ದಿನ ನನ್ನ ಬುದ್ಧಿವಂತಿಕೆಗೆ ನಾನೇ ಮೆಚ್ಚಿ ಮಾವನಿಗೆ ಕಾಫಿ ಕುಡಿಸಿದ್ದೆ.

ಪ್ರೋಗ್ರಾಮು ಬೆಳೆದು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ನನಗೇ ತಿಳಿಯದಂತಾಯಿತು. ಉತ್ತರ ಬರಲು ತುಂಬ ಹೊತ್ತು ಹಿಡಿಯುತ್ತಿತ್ತು. ನಡುವೆ ಕರೆಂಟು ಹೋದರೆ ಮೊದಲಿನಿಂದ. ವಿಚಿತ್ರವೆಂದರೆ ತಡವಾದಷ್ಟೂ ಜನರಿಗೆ ಭಕ್ತಿ ಹೆಚ್ಚಿತು. ಜಾತಕ ಒಳಗೆ ಹೋದ ಮೇಲೆ ಬೆಂಚಿನ ಮೇಲೆ ಕೈ ಕಟ್ಟಿ ಕೂರುತ್ತಿದ್ದರು. ಹೊಂದುವುದಿಲ್ಲ ಎಂದು ಬಂದರೆ, "ಬಚಾವ್, ಮೊದಲೇ ಗೊತ್ತಾಯ್ತಲ್ಲ" ಎಂದು ಎದ್ದು ಹೋಗುತ್ತಿದ್ದರು. ಬಂಟ್ವಾಳದ ಮಿಷನ್ನು ಬಹಳ ಕಟ್ಟುನಿಟ್ಟು ಎಂದು ಹೆಸರಾಯಿತು. ಕೆಲವು ವಾರಗಳಿಂದ ಅದು ಯಾರಿಗೂ ಹೊಂದುತ್ತದೆ ಎಂದು ಹೇಳಿಲ್ಲವಲ್ಲ ಎಂಬುದು ನನಗೆ ಆಗಾಗ ಹೊಳೆಯುತ್ತಿತ್ತು. ಹೊಳೆದದ್ದನ್ನು ಅಲ್ಲಿಗೇ ಬಿಡುತ್ತಿದ್ದೆ.

ಇನ್ನು ಅಕ್ಕನ ವಿಷಯ. ಅವಳು ಬೆಳ್ತಂಗಡಿಯ ಶಾಲೆಯೊಂದರಲ್ಲಿ ಟೀಚರ್ ಆಗಿದ್ದಳು. ನೆರಿಯದ ನಮ್ಮ ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಮೂವತ್ತರ ಹತ್ತಿರ ಬಂದಿದ್ದಳು. ಬಂದ ಸಂಬಂಧಗಳನ್ನೆಲ್ಲ ಅವಳೇ ಏನಾದರೊಂದು ಹೇಳಿ ತಳ್ಳಿಹಾಕಿದ್ದಳು. ಅದೇ ಶಾಲೆಗೆ ಶಿರ್ತಾಡಿಯ ಒಬ್ಬರು ಮಾಸ್ಟ್ರು ವರ್ಗವಾಗಿ ಬಂದ ಮೇಲೆ ಅವಳ ಮಾತಿನ ನಡುವೆ ಅವರು ಬರತೊಡಗಿದರು. ಮಾಸ್ಟ್ರು ಮಕ್ಕಳಿಗೆ ಲೆಕ್ಕ ಹೇಳಿಕೊಡುವಾಗ ತಾವೇ ತಪ್ಪಿ ನಗುತ್ತಾರಂತೆ, ಮಾಸ್ಟ್ರು ಬುತ್ತಿಗೆ ಬರೀ ನೀರುದೋಸೆ ತರುತ್ತಾರಂತೆ. ಅಮ್ಮನಿಗೆ ಅರ್ಥವಾಯಿತು. ಎರಡೂ ಮನೆಯವರು ಕಂಡು ಮಾತಾಡಿದರು. ಜಾತಿ, ಕುಲ ಯಾವುದಕ್ಕೂ ಅಡ್ಡಿ ಇರಲಿಲ್ಲ. ಮಾಸ್ಟ್ರ ತಾಯಿ ಮಾತ್ರ, "ಜಾತಕ ಒಂದು ನೋಡುವ. ಹೇಗೂ ಹುಡುಗಿಯ ತಮ್ಮನದ್ದೇ ಮಿಷನ್ ಉಂಟಲ್ಲ. ಅದು ಸುಮ್ಮನೆ ಆಗ್ತದೆ ಅಂತ ಹೇಳುವಂಥದ್ದಲ್ಲವಂತೆ" ಎಂದರು.

ಆಗ ನನಗಾದ ಹೆಮ್ಮೆಯನ್ನು ನೆನೆಸಿಕೊಂಡರೆ ಇಂದಿಗೂ ನಾಚಿಕೆಯಾಗುತ್ತದೆ. ಎಲ್ಲರೂ ಅಂಗಡಿಗೇ ಬನ್ನಿ ಎಂದೆ. ಮುಂಚಿತವಾಗಿ ಒಮ್ಮೆ ಹಾಕಿ ನೋಡಬೇಕೆಂದು ನನಗೆ ಅನ್ನಿಸಲೂ ಇಲ್ಲ. ನನ್ನ ಅಕ್ಕನಿಗೆ ಅದು ಇಲ್ಲ ಎನ್ನುತ್ತದೆಯೇ!

ಅಪ್ಪ ಅಮ್ಮ ಅಕ್ಕ ನೆರಿಯದಿಂದ ಬೆಳಗ್ಗಿನ ಬಸ್ಸಿಗೆ ಬಂದರು. ಮಾಸ್ಟ್ರು ಮತ್ತು ಅವರ ತಾಯಿ ಶಿರ್ತಾಡಿಯಿಂದ ಬಂದರು. ಮಾವ ಟೈಪಿಂಗ್ ಕ್ಲಾಸಿಗೆ ಅರ್ಧ ದಿನ ರಜೆ ಕೊಟ್ಟು ಸೋಜಿ, ಕಾಫಿ ತರಿಸಿದರು. ನಾನು ನಕ್ಷತ್ರ, ರಾಶಿ, ಹುಟ್ಟಿದ ಗಳಿಗೆ ಒತ್ತಿ ಕೂತೆ. ಅಕ್ಕ ಹೊಸ ಸೀರೆ ಉಟ್ಟಿದ್ದಳು. ಮಾಸ್ಟ್ರು ಟೈಪ್‌ರೈಟರಿನ ಒಂದೊಂದೇ ಕೀಲಿ ಮೆಲ್ಲನೆ ಒತ್ತುತ್ತ ಅವಳತ್ತ ಕದ್ದು ನೋಡುತ್ತಿದ್ದರು.

ಹೊಂದುವುದಿಲ್ಲ ಎಂದು ಬಂತು.

ಮಾವ ಕಾಫಿ ಲೋಟ ಕೆಳಗಿಟ್ಟರು. ನನಗೆ ಆ ಕ್ಷಣದಲ್ಲೇ ಗೊತ್ತಿತ್ತು, ಇದು ಜಾತಕದ ಮಾತಲ್ಲ, ನನ್ನ ಅಡ್ಡಗೋಡೆಗಳ ಮಾತು ಎಂದು. ಒಂದು ಮಾತು ಸಾಕಿತ್ತು. "ಇರಿ, ಇದರಲ್ಲಿ ಏನೋ ಹೆಚ್ಚುಕಮ್ಮಿ ಉಂಟು, ಸರಿ ಮಾಡ್ತೇನೆ." ಅಷ್ಟು ಹೇಳಿದರೆ ಇಷ್ಟು ದಿನ ಬಂದು ಹೋದವರಿಗೆಲ್ಲ ಏನು ಹೇಳುವುದು? ಬೋರ್ಡು? ಮಾವ? ನನ್ನ ಇಸ್ತ್ರಿ ಅಂಗಿ? ಇದೆಲ್ಲ ಒಟ್ಟಿಗೆ ತಲೆಗೆ ಬಂದು ನಾನು ಬಾಯಿ ಮುಚ್ಚಿಕೊಂಡು ಪರದೆಯನ್ನೇ ನೋಡುತ್ತ ಕೂತೆ. ಅಕ್ಕ ಪರದೆಯನ್ನು ನೋಡಲಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ದೇವರು ದೊಡ್ಡವನು. ಮೊದಲೇ ಗೊತ್ತಾಯ್ತು" ಎಂದು ಮಾಸ್ಟ್ರ ತಾಯಿ ಎದ್ದರು. ಮಾಸ್ಟ್ರು ಏನೋ ಹೇಳಲು ಬಾಯಿ ತೆರೆದು, ತಾಯಿಯ ಹಿಂದೆಯೇ ಹೋದರು.

ಮುಂದಿನ ಭಾನುವಾರ ಮಧ್ಯಾಹ್ನ ಅಕ್ಕ ಒಬ್ಬಳೇ ಅಂಗಡಿಗೆ ಬಂದಳು. ಕೊಡೆಯನ್ನು ಬಾಗಿಲ ಮೂಲೆಗಿಟ್ಟು ನನ್ನ ಪಕ್ಕದ ಸ್ಟೂಲಿನಲ್ಲಿ ಕೂತಳು.

"ಇದು ಇತ್ತೀಚೆ ಯಾರಿಗಾದ್ರೂ ಆಗ್ತದೆ ಅಂತ ಹೇಳಿದ್ದುಂಟಾ?"

ನಾನು ಕೀಲಿಗಳ ಮೇಲಿನ ಧೂಳು ಒರೆಸತೊಡಗಿದೆ.

"ಅಪ್ಪ ಅಮ್ಮನದ್ದು ಹಾಕು" ಎಂದಳು. ಇಬ್ಬರ ನಕ್ಷತ್ರ, ರಾಶಿ, ಹುಟ್ಟಿದ ಗಳಿಗೆ ಅವಳಿಗೆ ಬಾಯಿಪಾಠವಿತ್ತು.

ಹಾಕಿದೆ. ಕಾಯುತ್ತ ಕೂತೆವು. ಹೊರಗೆ ಮಳೆ ಹೊಯ್ಯುತ್ತಿತ್ತು. ಹೊಂದುವುದಿಲ್ಲ ಎಂದು ಬಂತು.

"ಹಾಗಾದ್ರೆ ನಾನೂ ನೀನೂ ಹುಟ್ಟಲೇಬಾರದಿತ್ತು" ಎಂದಳು. ನಗಲಿಲ್ಲ. "ಆಗ್ತದೆ ಅಂತ ಹೇಳುವ ಜಾಗ ಎಲ್ಲಿ ಉಂಟು ಇದರಲ್ಲಿ? ಅದನ್ನು ತೋರಿಸು."

ಕೊನೆಯಲ್ಲಿ ಉಂಟು ಎಂದು ಹೇಳಿ ಪ್ರೋಗ್ರಾಮಿನ ಸಾಲುಗಳನ್ನು ಪರದೆಯ ಮೇಲೆ ಹರಿಯಲು ಬಿಟ್ಟೆ. ಆ ಬೇಸಿಕ್ಕಿನಲ್ಲಿ ಪ್ರತಿ ಸಾಲಿಗೂ ಒಂದು ಸಂಖ್ಯೆ ಕೊಡಬೇಕು. ಇರುವ ಸಂಖ್ಯೆಯನ್ನೇ ಕೊಟ್ಟು ಹೊಸ ಸಾಲು ಬರೆದರೆ ಹಳೆಯ ಸಾಲು ಸದ್ದಿಲ್ಲದೆ ಅಳಿಸಿಹೋಗುತ್ತದೆ, ಹೊಸದು ಅಲ್ಲಿ ಕೂರುತ್ತದೆ. ಪರೀಕ್ಷೆಗಳನ್ನು ಸಾಲುಗಳ ನಡುವೆ ತುರುಕಿ ತುರುಕಿ ಸಂಖ್ಯೆಗಳಿಗೆ ಜಾಗವೇ ಉಳಿದಿರಲಿಲ್ಲ. ಕೊನೆಗೆ ಬಂದೆ. 'ಹೊಂದುತ್ತದೆ' ಎಂಬ ಸಾಲು ಇರಬೇಕಾದ ಕಡೆ ಹುಟ್ಟಿದ ಗಳಿಗೆಯ ಮತ್ತೊಂದು ಪರೀಕ್ಷೆ ಕೂತಿತ್ತು. ಅದರ ಕೆಳಗೆ 'ಹೊಂದುವುದಿಲ್ಲ'. ಮೇಲಿನಿಂದ ಎಲ್ಲವನ್ನೂ ದಾಟಿ ಬಂದವರೂ ಅದರಲ್ಲೇ ಬೀಳಬೇಕು. ನಾನು ಮತ್ತೆ ಮೊದಲಿನಿಂದ ನೋಡಿದೆ. ಇರಲಿಲ್ಲ. ಅಷ್ಟುದ್ದದ ಪ್ರೋಗ್ರಾಮಿನಲ್ಲಿ ಎಲ್ಲಿಯೂ ಹೊಂದುತ್ತದೆ ಎಂಬ ಮಾತೇ ಇರಲಿಲ್ಲ. ಯಾವತ್ತೋ ನನ್ನ ಕೈಯಾರೆ ಅಳಿಸಿದ್ದೆ, ಅಳಿಸಿದ್ದು ನನಗೇ ಗೊತ್ತಾಗಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಅಷ್ಟು ದೂರ ನಾನು ಯಾರನ್ನೂ ಬರಲು ಬಿಟ್ಟಿರಲಿಲ್ಲ.

ಅಕ್ಕನಿಗೆ ಪ್ರೋಗ್ರಾಮು ತಿಳಿಯದು. ಆದರೆ ನನ್ನ ಕೈ ಕೀಲಿಗಳ ಮೇಲೆ ನಿಂತದ್ದು ಕಂಡಿತು.

"ಇಲ್ಲವಾ?" ಎಂದಳು.

"ಇಲ್ಲ" ಎಂದೆ.

ನನಗೆ ಅಳು ಬಂತು. ಅವಳು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಸೆರಗು ಸರಿಮಾಡಿಕೊಂಡು, "ಹೋಗಿ ಅವರಿಗೆ ಹೇಳ್ತೀಯಾ?" ಎಂದು ಮಾತ್ರ ಕೇಳಿದಳು.

ಆವತ್ತೇ ಕೂತು ಸೇರಿಸಿದ್ದನ್ನೆಲ್ಲ ಕಿತ್ತುಹಾಕಿದೆ. ಮೊದಲಿನ ಪುಟ್ಟ ಪ್ರೋಗ್ರಾಮನ್ನೇ ಮತ್ತೆ ಬರೆದೆ. ಅಕ್ಕನದೂ ಮಾಸ್ಟ್ರದೂ ಹಾಕಿದೆ. ಹಾಕಿದ ಕೂಡಲೇ ಹೊಂದುತ್ತದೆ ಎಂದು ಬಂತು. ಮಾರನೆಯ ದಿನ ಸಿದ್ಧಕಟ್ಟೆ ದಾರಿಯಾಗಿ ಮೂಡುಬಿದಿರೆಗೆ, ಅಲ್ಲಿಂದ ಬಸ್ಸು ಬದಲಿಸಿ ಶಿರ್ತಾಡಿಗೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಹೇಳಿಕೊಂಡೆ. ಮಾಸ್ಟ್ರು ಶಾಲೆಗೆ ಹೋಗಿದ್ದರು. ಅವರ ತಾಯಿ ಬೆಲ್ಲ, ನೀರು ತಂದಿಟ್ಟು, ಗೋಡೆಗೆ ಒರಗಿ ಕೂತು ಎಲ್ಲವನ್ನೂ ಕೇಳಿದರು. ಮಿಷನ್ನು ಎಲ್ಲರಿಗೂ ಹಾಗೆಯೇ ಹೇಳುತ್ತಿತ್ತು ಎಂದೆ. ನನ್ನ ತಪ್ಪು ಎಂದೆ. ಸರಿ ಮಾಡಿದ ಮೇಲೆ ಹೊಂದಿತು ಎಂದೆ.

"ನೀವು ಅವತ್ತೇ ಯಾಕೆ ಹೇಳ್ಲಿಲ್ಲ?"

"ಹೆದರಿಕೆ ಆಯ್ತು."

ಅವರು ನನ್ನನ್ನು ಮರುಕದಿಂದ ನೋಡಿದರು.

"ನೋಡಿ, ನಿಮ್ಮ ಸಂಕಟ ನನಗೆ ಅರ್ಥ ಆಗ್ತದೆ. ಅಕ್ಕನಿಗೋಸ್ಕರ ಯಾವ ತಮ್ಮನೂ ಹೀಗೆ ಬಂದು ಹೇಳಿಯಾನು. ನಾನು ನಿಮ್ಮ ಜಾಗದಲ್ಲಿದ್ರೆ ನಾನೂ ಹೇಳ್ತಿದ್ದೆ. ಆದ್ರೆ ಮಿಷನ್‌ಗೆ ಅಕ್ಕ ತಂಗಿ ಇಲ್ಲ ಅಲ್ವಾ? ಅದು ಹೇಳಿದ್ದನ್ನೇ ನಾನು ನಂಬುವುದು."

ಬೆಲ್ಲದ ತುಂಡು ಬಾಯಲ್ಲೇ ಉಳಿಯಿತು. ಕಟ್ಟುನಿಟ್ಟಿನ ಮಿಷನ್ನು ಎಂಬ ಹೆಸರನ್ನು ನಾನೇ ಗಳಿಸಿಕೊಟ್ಟಿದ್ದೆ. ಈಗ ನಾನು ಸತ್ಯ ಹೇಳಿದರೂ ಅದರ ಮುಂದೆ ನನ್ನ ಮಾತಿಗೆ ಬೆಲೆ ಇರಲಿಲ್ಲ. ಇತ್ತ ಮಾಸ್ಟ್ರು ತಾಯಿಯ ಮಾತು ಮೀರಲಿಲ್ಲ. ವರ್ಗ ಕೇಳಿಕೊಂಡು ಮೂಡುಬಿದಿರೆಯ ಹತ್ತಿರದ ಶಾಲೆಗೆ ಹೋದರೆಂದು ಅಕ್ಕನೇ ಒಂದು ದಿನ ಅಮ್ಮನಿಗೆ ಹೇಳುತ್ತಿದ್ದುದು ಕೇಳಿಸಿತು. ಮಾಸ್ಟ್ರ ಮೇಲೆ ನನಗೆ ಸಿಟ್ಟು ಬಂತು. ಆಮೇಲೆ, ಬಾಯಿ ಬಿಡದವನು ಇನ್ನೊಬ್ಬ ಬಾಯಿ ಬಿಡದವನ ಮೇಲೆ ಸಿಟ್ಟು ಮಾಡುವುದೇ ಎಂದುಕೊಂಡು ಸುಮ್ಮನಾದೆ.

ಹಿಂದೆ ಇಲ್ಲ ಎನ್ನಿಸಿಕೊಂಡು ಹೋದವರನ್ನು ಹುಡುಕಿ ಹೇಳೋಣವೆಂದು ಮಾವನ ಹತ್ತಿರ ಹೇಳಿದೆ. "ಅವರಿಗೆ ಈಗಾಗಲೇ ಬೇರೆ ಕಡೆ ಆಗಿರ್ತದೆ, ಯಾಕೆ ಕೆದಕುವುದು" ಎಂದರು. ನಾನೂ ಒಪ್ಪಿದೆ. ಒಪ್ಪಿದ್ದರಲ್ಲಿ ನನ್ನ ಅನುಕೂಲವೂ ಇತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಮುಂದಿನ ವರ್ಷ, ಮಾವಿನ ಕಾಯಿಯ ಕಾಲ. ಮಾಸ್ಟ್ರ ತಾಯಿ ಒಬ್ಬರೇ ಅಂಗಡಿಗೆ ಬಂದರು. ಚೀಲದಿಂದ ಎರಡು ಜಾತಕ ತೆಗೆದು ಮೇಜಿನ ಮೇಲಿಟ್ಟರು. ಒಂದನ್ನು ನಾನು ಬಿಚ್ಚದೆಯೇ ಗುರುತಿಸಿದೆ, ಮಾಸ್ಟ್ರದು. ಇನ್ನೊಂದು ಕಾರ್ಕಳ ಕಡೆಯ ಹುಡುಗಿಯದು.

"ಬೇರೆಯವರಲ್ಲಿ ತೋರಿಸಿದ್ರೆ ನನಗೆ ಸಮಾಧಾನ ಇಲ್ಲ. ನಿಮ್ಮದು ಸುಮ್ಮನೆ ಆಗ್ತದೆ ಅಂತ ಹೇಳುವಂಥದ್ದಲ್ಲ" ಎಂದರು. ಅದೇ ಮಾತು, ಅದೇ ಧಾಟಿ.

ಒತ್ತಿದೆ. ಒತ್ತುವಾಗ ಒಂದು ನಕ್ಷತ್ರ ತಪ್ಪಿಸಿ ಹಾಕಿಬಿಡಲೇ ಎಂದು ಅನ್ನಿಸಿದ್ದು ಸುಳ್ಳಲ್ಲ. ಹಾಕಲಿಲ್ಲ. ಪುಟ್ಟ ಪ್ರೋಗ್ರಾಮು ಕಾಯಿಸಲೂ ಇಲ್ಲ.

"ಎಂತ ಬಂತು?" ಎಂದು ಅವರು ಕುತ್ತಿಗೆ ಚಾಚಿದರು. ಅವರಿಗೆ ಇಂಗ್ಲಿಷ್ ಅಕ್ಷರ ಬರುತ್ತಿರಲಿಲ್ಲ. ನಾನೇ ಹೇಳಬೇಕಿತ್ತು.

"ಹೊಂದ್ತದೆ" ಎಂದೆ.

ಅವರು ಕೈ ಮುಗಿದು, ಕಣ್ಣೊರೆಸಿಕೊಂಡು, ಮದುವೆಗೆ ಮನೆಯವರೆಲ್ಲ ಬರಬೇಕೆಂದು ಹೇಳಿ ಹೋದರು.

ಆ ಶನಿವಾರ ನೆರಿಯಕ್ಕೆ ಹೋದೆ. ಅಕ್ಕ ಅಂಗಳದಲ್ಲಿ ಹಪ್ಪಳ ತಿರುವಿ ಹಾಕುತ್ತಿದ್ದಳು. ಅವಳಿಗೆ ಬೇರೆಯವರ ಬಾಯಿಂದ ಗೊತ್ತಾಗುವುದು ಬೇಡವೆಂದು ನಾನೇ ಎಲ್ಲವನ್ನೂ ಹೇಳಿದೆ. ಅವರು ಬಂದದ್ದು, ನಾನು ಹಾಕಿದ್ದು, ನಾನು ಹೇಳಿದ್ದು. ಅವಳು ಹಪ್ಪಳ ತಿರುವುವುದನ್ನು ನಿಲ್ಲಿಸದೆ ಕೇಳಿದಳು.

"ಒಳ್ಳೇದಾಯ್ತು. ಈಗಾದ್ರೂ ಬಾಯಿ ಬಿಟ್ಟು ಹೇಳ್ಲಿಕ್ಕೆ ಬಂತಲ್ಲ ನಿನಗೆ" ಎಂದಳು.

ಆಮೇಲೆ ಇನ್ನೊಂದು ಚಾಪೆಯ ಹಪ್ಪಳ ತಿರುವಲು ನನ್ನನ್ನೂ ಕೂರಿಸಿದಳು.